ನಕ್ಷೆಯೊಳಗ ನಮ್ಮ ಕೇರಿ ಎಲ್ಲೈತಿ?

ದೂಧಗಂಗಾ ದಂಡೆಯ ಒಂದು ಊರು. ಊರಿನ ಹೆಸರು ಬೇಡ. ನಿಮ್ಮ ಊರಿನ ಹೆಸರನ್ನೇ ಅಲ್ಲಿ ಇಟ್ಟು ಓದಿಕೊಳ್ಳಿ, ಹೆಚ್ಚು ತಪ್ಪಾಗಲಿಕ್ಕಿಲ್ಲ. ಪಂಚಾಯ್ತಿ ಆಫೀಸಿನ ಟೇಬಲ್ಲಿನ ಮೇಲೆ ಒಂದು ನಕ್ಷೆ ಹಾಸಿತ್ತು. ಊರ ಹೊರಗಿನ ಒಂದೂವರೆ ಎಕರೆ ಹೊಲವನ್ನು ಪ್ಲಾಟು ಮಾಡಿ ಮಾರುವ ನಕ್ಷೆ. ನೀಲಿ ಗೆರೆ, ಕೆಂಪು ಗೆರೆ, ಮೇಲೆ ಉತ್ತರ ದಿಕ್ಕಿನ ಬಾಣ, ನಡುವೆ ನಂಬರು ಹಾಕಿದ ಚೌಕಗಳು. ಹಾಸ್ಟೆಲಿನಿಂದ ರಜೆಗೆ ಬಂದಿದ್ದ ನಾವು ಮೂವರು ಜಾತಿ ಪ್ರಮಾಣಪತ್ರದ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆವು. ನಮ್ಮ ಜೊತೆ ಕೇರಿಯ ಆಯಿಯೊಬ್ಬಳು ಬಂದಿದ್ದಳು, ತನ್ನ ಪಗಾರ ಎರಡು ತಿಂಗಳಿಂದ ಯಾಕೆ ಬಂದಿಲ್ಲ ಅಂತ ಕೇಳಲಿಕ್ಕೆ. ಆಯಿಗೆ ಅಕ್ಷರ ಬಾರದು. ಆದರೆ ಆ ಹೊಲದಲ್ಲಿ ನಲವತ್ತು ವರ್ಷ ಕಳೆ ತೆಗೆದವಳು. ನಕ್ಷೆಯ ಮೇಲೆ ಬಗ್ಗಿ ನೋಡಿ ಕೇಳಿದಳು:

"ತಮ್ಮಾ, ಇದರಾಗ ನಮ್ಮ ಕೇರಿ ಎಲ್ಲೈತೋ?"

ನಾವು ಹುಡುಕಿದೆವು. ಬಿ.ಎ. ಓದಿದ ಕಣ್ಣು, ಕವಿತೆ ಬರೆಯುವ ಕಣ್ಣು, ಎಲ್ಲಾ ಕಣ್ಣು ಹಾಕಿ ಹುಡುಕಿದೆವು. ಹೊಲದ ತೆಂಕಣ ಗಡಿಯ ಆಚೆ ಅರವತ್ತು ಮನೆಯ ಕೇರಿ ಇರುವ ಕಡೆ ಬಿಳಿ ಹಾಳೆ ಇತ್ತು. ಆ ಬಿಳಿ ಹಾಳೆಯ ಮೇಲೆ ಒಂದು ಸರ್ವೆ ನಂಬರು ಬರೆದು ಮುಂದೆ "ಜಮೀನು" ಅಂತ ಬರೆದಿದ್ದರು. ಅಷ್ಟೇ. ಅರವತ್ತು ಒಲೆ, ಒಂದು ಸಮುದಾಯ ಭವನ, ಬಾಬಾಸಾಹೇಬರ ಫೋಟೋ ಇಟ್ಟ ಕಟ್ಟೆ, ಎರಡು ಬೇವಿನ ಗಿಡ, ಇವೆಲ್ಲ ಸೇರಿ "ಜಮೀನು".

"ಇದರಾಗಿಲ್ಲ ಆಯಿ."

"ಮತ್ತ ಹೆಣದ ದಾರಿ?"

ಕೇರಿಯಿಂದ ಹಳ್ಳದ ದಂಡೆಯ ಮಸಣಕ್ಕೆ ಆ ಹೊಲದ ಬದುವಿನ ಮೇಲೇ ಕಾಲುದಾರಿ. ನಮ್ಮ ಅಜ್ಜನ ಅಜ್ಜ ಅದೇ ದಾರಿಯಲ್ಲಿ ಹೋದ. ನಕ್ಷೆಯಲ್ಲಿ ಆ ಜಾಗದ ಮೇಲೆ 14, 15, 16 ಅಂತ ಮೂರು ಪ್ಲಾಟು ಕೂತಿದ್ದವು. ಹೇಳಿದೆವು. ಆಯಿ ಸಿಟ್ಟಾಗಲಿಲ್ಲ, ನಕ್ಕಳು.

"ಹಂಗಾರ ನಾ ಸತ್ತಾಗ ಹದಿನಾಕನೇ ನಂಬರಿನವರ ಪಡಸಾಲಿ ಮ್ಯಾಲೆ ಹಾಸಿ ಒಯ್ತೀರೇನ್ರೋ?"

ಕುರ್ಚಿಯಲ್ಲಿ ಕೂತಿದ್ದವರು ನಕ್ಷೆ ಸುತ್ತುತ್ತ ಹೇಳಿದರು: "ಇನ್ನೂ ಮಂಜೂರಾಗಿಲ್ಲ. ಪರಿಶೀಲನೆದಾಗ ಐತಿ."

ಪರಿಶೀಲನೆ! ಈ ಸಂಚಿಕೆಯ ಸಂಪಾದಕೀಯ ಈ ಒಂದು ಮಾತಿನ ಮೇಲೆ. ಪರಿಶೀಲನೆ ಅಂದರೆ ಕಣ್ಣಿಟ್ಟು ನೋಡುವುದು. ಯಾರ ಕಣ್ಣು? ಯಾವುದನ್ನು ನೋಡುತ್ತದೆ? ಯಾವುದನ್ನು ನೋಡದೆ ಬಿಡುತ್ತದೆ?

ಮೊದಲು ಈ ಕಾಗದ ನಡೆಯುವ ದಾರಿ ತಿಳಿಯೋಣ. ಹೊಲವನ್ನು ಮನೆಯ ಜಾಗ ಮಾಡಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಬೇಸಾಯೇತರ ಬಳಕೆಗೆ ಜಿಲ್ಲಾಧಿಕಾರಿಯ ಅಪ್ಪಣೆ ಬೇಕು. ನಮ್ಮ ಕಡೆ ಮಂದಿ ಇದಕ್ಕೆ "ಎನ್.ಎ. ಮಾಡಿಸೋದು" ಅನ್ನುತ್ತಾರೆ. ಆಮೇಲೆ ಆ ಹೊಲವನ್ನು ಹೇಗೆ ತುಂಡು ಮಾಡಬೇಕು, ರಸ್ತೆ ಎಷ್ಟು, ಬಯಲು ಎಷ್ಟು, ಗಟಾರ ಎತ್ತ ಅನ್ನುವುದಕ್ಕೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಅದರ 17ನೇ ಕಲಮು ಖಾಸಗಿ ಲೇಔಟಿನದು. ಯೋಜನಾ ಪ್ರಾಧಿಕಾರ ಇದ್ದ ಕಡೆ ಪ್ರಾಧಿಕಾರ, ಇಲ್ಲದ ಕಡೆ ನಗರ ಯೋಜನಾ ಇಲಾಖೆಯ ಕಚೇರಿ ನಕ್ಷೆ ನೋಡುತ್ತದೆ. ಕೆಳಗೆ ಪಂಚಾಯ್ತಿ ಅಥವಾ ಪುರಸಭೆ. ಅಲ್ಲಿ ಠರಾವು, ಆಮೇಲೆ ಒಂದೊಂದು ಪ್ಲಾಟಿಗೂ ಖಾತೆ. ಹಳ್ಳಿಯಲ್ಲಾದರೆ ಇ-ಸ್ವತ್ತಿನ 9 ನಂಬರಿನ ಫಾರ್ಮು.

ಇಷ್ಟು ಕಚೇರಿ, ಇಷ್ಟು ಶಿಕ್ಕೆ, ಇಷ್ಟು ಸಹಿ. ಎಲ್ಲ ಕಡೆಗೂ ಮಾಲೀಕನ ಉತಾರ ಕೇಳುತ್ತಾರೆ, ಸರ್ವೆ ಸ್ಕೆಚ್ಚು ಕೇಳುತ್ತಾರೆ, ಚಲನ್ನು ಕೇಳುತ್ತಾರೆ. ಆದರೆ ಬದುವಿನ ಆಚೆ ಇರುವವರನ್ನು ಕರೆದು "ಏನಪ್ಪಾ, ಇಲ್ಲಿ ಇಂಥಾದ್ದು ಬರತೈತಿ, ನಿಮಗೇನಾರ ಅಡಚಣಿ ಐತೇನು?" ಅಂತ ಕೇಳುವ ಪದ್ಧತಿ ಸಣ್ಣ ಲೇಔಟಿಗೆ ಇಲ್ಲ. ಊರಿಗೆಲ್ಲ ಮಾಸ್ಟರ್ ಪ್ಲ್ಯಾನ್ ಮಾಡುವಾಗ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು ಅಂತ ಕಾಯ್ದೆ ಹೇಳುತ್ತದೆ. ಆ ಪ್ಲ್ಯಾನಿನ ಬಳಕೆ ಬದಲಿಸುವಾಗ ಪತ್ರಿಕೆಯಲ್ಲಿ ಜಾಹೀರು ಕೊಡಬೇಕು ಅಂತಲೂ ಹೇಳುತ್ತದೆ. ಬೇರೆ ದೇಶಗಳಲ್ಲಿ, ಇಂಗ್ಲೆಂಡಿನಂಥ ಕಡೆ, ಒಂದು ಮನೆ ಎದ್ದರೂ ನೆರೆಯವರಿಗೆ ತಿಳಿಸುತ್ತಾರೆ, ಅವರ ತಕರಾರನ್ನು ಕಡತದಲ್ಲಿ ಸೇರಿಸುತ್ತಾರೆ. ನಮ್ಮಲ್ಲಿ ನಮಗೆ ಗೊತ್ತಾಗುವುದು ಜೆಸಿಬಿ ಬಂದ ದಿನ. ಅವತ್ತು ಬಾಯಿ ಮಾಡಿದರೆ ಹೇಳುತ್ತಾರೆ: "ಎಲ್ಲಾ ಕಾಯ್ದೆ ಪ್ರಕಾರ ಆಗೇತಿ, ನೀವು ಮೊದಲು ಯಾಕ ಹೇಳಲಿಲ್ಲ?" ಮೊದಲು ಕೇಳದವರು ಆಮೇಲೆ "ಮೊದಲು ಯಾಕ ಹೇಳಲಿಲ್ಲ" ಅನ್ನುತ್ತಾರೆ. ಇದೇ ವ್ಯವಸ್ಥೆಯ ಜಾಣತನ.

ಕೆಲವು ಗೆಳೆಯರು ನಮ್ಮನ್ನು ಕೇಳಿದರು: "ಅತ್ಯಾಚಾರ ನಡದಾವು, ಬಹಿಷ್ಕಾರ ನಡದಾವು, ಸ್ಕಾಲರ್‌ಶಿಪ್ಪು ಬಂದಿಲ್ಲ. ನೀವು ಒಂದೂವರೆ ಎಕರೆ ಪ್ಲಾಟಿನ ಮ್ಯಾಲೆ ಸಂಪಾದಕೀಯ ಬರಿಯಾಕ ಹತ್ತೀರೇನು?"

ಹೌದು, ಬರೆಯುತ್ತೇವೆ. ಲೆಕ್ಕ ಹಾಕಿ ನೋಡಿ. ಒಂದೂವರೆ ಎಕರೆ ಅಂದರೆ 60 ಗುಂಟೆ. ಗುಂಟೆಗೆ 1089 ಚದರ ಅಡಿ. ಒಟ್ಟು 65,340 ಚದರ ಅಡಿ. ರಸ್ತೆಗೆ, ಬಯಲಿಗೆ ಅರ್ಧ ಹೋಯಿತು ಅನ್ನಿ. ಉಳಿದದ್ದರಲ್ಲಿ 30-40ರ ಪ್ಲಾಟು ಹಾಕಿದರೆ 27 ಆಗುತ್ತವೆ. ಕಚೇರಿಯ ಕಣ್ಣಿಗೆ ಇದು ಸಣ್ಣ ಕಡತ, ಒಂದು ಮಧ್ಯಾಹ್ನದ ಕೆಲಸ. ಆದರೆ ಒಮ್ಮೆ ರಸ್ತೆ ಕೂತು, ಗೋಡೆ ಎದ್ದ ಮೇಲೆ ಆ ಗೆರೆಗಳು ನೂರು ವರ್ಷ ಅಳಿಸುವುದಿಲ್ಲ. ಬೈಗಳು ಗಾಳಿಯಲ್ಲಿ ಹೋಗುತ್ತದೆ, ಏಟಿನ ಗಾಯ ಮಾಯುತ್ತದೆ. ಕಲ್ಲು ನೆಟ್ಟ ಗಡಿ ಮೊಮ್ಮಗನ ಕಾಲಕ್ಕೂ ಅಲ್ಲೇ ಇರುತ್ತದೆ. ನಮ್ಮ ಕೇರಿಗಳು ಇವತ್ತು ಊರ ಹೊರಗೆ, ತಗ್ಗಿನಲ್ಲಿ ಯಾಕೆ ಇವೆ? ಯಾವಾಗಲೋ ಯಾರೋ ನಮ್ಮನ್ನು ಕೇಳದೆ ಎಳೆದ ಗೆರೆಯಿಂದ. ಆ ಹಳೆಯ ಗೆರೆಯನ್ನು ಬೈಯುತ್ತ ಕೂತರೆ ಇವತ್ತು ಎಳೆಯುತ್ತಿರುವ ಹೊಸ ಗೆರೆ ಕಣ್ಣು ತಪ್ಪುತ್ತದೆ.

ಒಂದು ಸಣ್ಣ ನಕ್ಷೆ ನಮ್ಮ ಬಾಳಿನ ಮೂರು ವಿಷಯ ತೀರ್ಮಾನ ಮಾಡುತ್ತದೆ.

ಒಂದು, ದಾರಿ. ಹೊಲ ಹೊಲವಾಗಿದ್ದಾಗ ಬದುವಿನ ಮೇಲೆ ನಡೆದಾಡಲಿಕ್ಕೆ ಬಹಳ ಮಂದಿ ಅಡ್ಡಿ ಮಾಡುತ್ತಿರಲಿಲ್ಲ. ಪ್ಲಾಟಾದ ಮೇಲೆ ತಂತಿ ಬೇಲಿ, ಗೇಟು, ನಾಯಿ. 1882ರ ಅನುಭೋಗದ ಹಕ್ಕಿನ ಕಾಯ್ದೆ ಒಂದು ಮಾತು ಹೇಳುತ್ತದೆ: ಒಂದು ದಾರಿಯನ್ನು 20 ವರ್ಷ ಎಲ್ಲರಿಗೂ ಕಾಣುವಂತೆ, ತಂಟೆಯಿಲ್ಲದೆ, ಹಕ್ಕಿನಿಂದ, ತಡೆಯಿಲ್ಲದೆ ಬಳಸಿದ್ದರೆ ಅದು ಹಕ್ಕಾಗುತ್ತದೆ. ಸರಕಾರಿ ನೆಲವಾದರೆ 30 ವರ್ಷ. ಬ್ರಿಟಿಷರ ಕಾಲದ ಈ ಕಾಯ್ದೆ ನಮ್ಮ ಹೆಣದ ದಾರಿಗೂ ಅನ್ವಯ ಆಗುತ್ತದೆ ಅಂತ ನಮ್ಮ ಕೇರಿಯಲ್ಲಿ ಎಷ್ಟು ಜನಕ್ಕೆ ಗೊತ್ತು? 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯಿತು. ಜಾತಿಯ ಕಾರಣಕ್ಕೆ ದಲಿತರಿಗೆ ಮಸಣದ ಬಳಕೆ, ಹಳ್ಳ, ಬಾವಿ, ದಾರಿಯ ಬಳಕೆ ತಡೆದರೆ ಅದು ಅಪರಾಧ ಅಂತ ಅದರಲ್ಲಿ ಬಿಡಿಸಿ ಬರೆದಿದೆ. ಆದರೆ ಗೆಳೆಯರೇ, ದಾರಿ ಮುಚ್ಚಿದ ಮೇಲೆ ಕೇಸು ಹಾಕುವುದು ಒಂದು, ದಾರಿಯನ್ನು ನಕ್ಷೆಯಲ್ಲಿ ಬರೆಸುವುದು ಇನ್ನೊಂದು. ಕೇಸಿಗೆ ಹತ್ತು ವರ್ಷ ಹಿಡಿಯುತ್ತದೆ. ಬರೆಸಲಿಕ್ಕೆ ಒಂದು ಅರ್ಜಿ, ಹತ್ತು ಮಂದಿಯ ಹೆಬ್ಬೆಟ್ಟು, ನಾಲ್ಕು ಸಲದ ಓಡಾಟ ಸಾಕಾಗಬಹುದು.

ಎರಡು, ನೀರು. ಲೇಔಟು ಮಾಡುವವರು ಮೊದಲು ಗರಸು ಹಾಕಿ ನೆಲ ಎತ್ತರ ಮಾಡುತ್ತಾರೆ. ಕಪ್ಪು ಮಣ್ಣು ಕುಡಿಯುತ್ತಿದ್ದ ಮಳೆ ನೀರು ಕಾಂಕ್ರೀಟಿನ ಮೇಲಿಂದ ಜಾರಿ ತಗ್ಗಿಗೆ ಬರುತ್ತದೆ. ತಗ್ಗಿನಲ್ಲಿ ಇರುವವರು ಯಾರು? ಆ ನಕ್ಷೆಯಲ್ಲಿ ಗಟಾರದ ಬಾಣ ತೆಂಕಣಕ್ಕೆ ಓಡಿ ಆ ಬಿಳಿ ಹಾಳೆಯಲ್ಲಿ ನಿಂತುಬಿಟ್ಟಿತ್ತು. ಅವರ ನಕ್ಷೆಯಲ್ಲಿ ಅದು ಖಾಲಿ ಜಾಗ. ನಮಗೆ ಅದು ನಮ್ಮ ಅಂಗಳ. ಕೃಷ್ಣೆ, ದೂಧಗಂಗೆ, ವೇದಗಂಗೆಯ ದಂಡೆಯ ನಮಗೆ ನೀರಿನ ಪಾಠ ಯಾರೂ ಹೇಳಬೇಕಿಲ್ಲ. 2005, 2019, 2021ರ ಮಹಾಪೂರಗಳಲ್ಲಿ ಸಾಲೆಯ ಕೋಣೆಗಳಲ್ಲಿ, ಗಂಜಿ ಕೇಂದ್ರಗಳಲ್ಲಿ ಮಲಗಿ ಬಂದವರು ನಾವು. ನದಿಯ ಪೂರ ಮಳೆಗಾಲದ್ದು, ಒಂದು ವಾರಕ್ಕೆ ಇಳಿಯುತ್ತದೆ. ಮೇಲಿನ ಲೇಔಟಿನ ಗಟಾರದ ಪೂರ ದಿನಾಲೂ ಬರುತ್ತದೆ. ಅದಕ್ಕೆ ಯಾವ ಪರಿಹಾರದ ಚೆಕ್ಕೂ ಇಲ್ಲ.

ಮೂರು, ಬೆಳೆಯಲಿಕ್ಕೆ ಜಾಗ. 1970ರ ದಶಕದಲ್ಲಿ ದೇವರಾಜ ಅರಸರ ಸರಕಾರದ ಕಾಲಕ್ಕೆ ಜನತಾ ಮನೆ ಬಂದವು. ಈಗಲೂ ನಮ್ಮ ಕಡೆ "ಜನತಾ ಪ್ಲಾಟ" ಅಂದರೆ ಯಾರ ಓಣಿ ಅಂತ ಹೇಳಬೇಕಿಲ್ಲ. ಅವತ್ತು ಒಂದು ಗಂಡ-ಹೆಂಡತಿಗೆ ಕೊಟ್ಟ ಒಂದು ಖೋಲಿಯಲ್ಲಿ ಇವತ್ತು ಮೂರು ತಲೆಮಾರು ಮಲಗುತ್ತದೆ. ಹಾಸ್ಟೆಲಿನಿಂದ ರಜೆಗೆ ಹೋದಾಗ ನಾವು ಮಲಗುವುದು ಗುಡಿಕಟ್ಟೆಯ ಮೇಲೆ ಅಲ್ಲ, ಅಲ್ಲಿ ಬಿಡುವುದಿಲ್ಲ, ಸಮುದಾಯ ಭವನದಲ್ಲಿ. ಊರು ಎಂಟು ದಿಕ್ಕಿಗೂ ಬೆಳೆಯುತ್ತದೆ. ಕೇರಿಯ ಒಂದು ಕಡೆ ಹಳ್ಳ, ಒಂದು ಕಡೆ ಊರು, ಇನ್ನೊಂದು ಕಡೆ ಕಬ್ಬು. ಉಳಿದ ಒಂದೇ ಕಡೆಯನ್ನೂ ಈ ನಕ್ಷೆ ಮುಚ್ಚಿದರೆ ಕೇರಿಗೆ ಬೆಳೆಯಲು ಉಳಿಯುವುದು ಮೇಲಿನ ಆಕಾಶ ಮಾತ್ರ.

ಇಲ್ಲಿ ಒಂದು ಹಳೆಯ ಮಾತು ನೆನಪು ಮಾಡಿಕೊಳ್ಳಬೇಕು. ಈ ನಾಡಿನ ಊರುಗಳಲ್ಲಿ ಗಡಿಯ ಜಗಳ ಬಂದರೆ ಯಾರನ್ನು ಕರೆಯುತ್ತಿದ್ದರು? ಹೊಲೆಯನನ್ನು, ಕುಳವಾಡಿಯನ್ನು, ಮರಾಠಿ ಮಾತಾಡುವ ಊರಲ್ಲಿ ಮಹಾರನನ್ನು. ಯಾವ ಕಲ್ಲು ಎಲ್ಲಿತ್ತು, ಯಾವ ಬದು ಯಾರದು ಅನ್ನುವುದಕ್ಕೆ ಅವನ ಬಾಯಿಯೇ ದಾಖಲೆ. ಅವನು ಗಡಿಯ ಮೇಲೆ ನಡೆದು ತೋರಿಸಿದರೆ ಗೌಡನೂ ಒಪ್ಪಬೇಕು. ಊರಿನ ಎಲ್ಲರ ನೆಲದ ಗಡಿ ಗೊತ್ತಿದ್ದವನಿಗೆ ತನ್ನದು ಅನ್ನುವ ನೆಲ ಇರಲಿಲ್ಲ. ಇದ್ದದ್ದು ವತನದ ತುಂಡು. ಆ ತುಂಡಿಗಾಗಿ ಹಗಲು-ರಾತ್ರಿ ಸರಕಾರದ ಚಾಕರಿ, ಊರ ಚಾಕರಿ, ಹೆಣದ ಸುದ್ದಿ ಹೇಳುವ ಚಾಕರಿ. ಇವತ್ತು ಅದೇ ಗಡಿ ಬಲ್ಲವನ ಮೊಮ್ಮಕ್ಕಳ ಕೇರಿ ನಕ್ಷೆಯಲ್ಲೇ ಇಲ್ಲ.

ವತನದ ಕತೆ ಬೇರೆ ಕಡೆಯದಲ್ಲ, ನಮ್ಮ ಮಗ್ಗುಲದ್ದು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಅಲ್ಲಿ ಶಾಹೂ ಮಹಾರಾಜರು 1918ರಲ್ಲಿ ಮಹಾರ ವತನ ರದ್ದು ಮಾಡಿದರು. ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತದಲ್ಲಿದ್ದವು. ಅಲ್ಲಿ ಡಾ. ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ವತನದ ಕಾಯ್ದೆ ತಿದ್ದಲು ಮಸೂದೆ ತಂದರು. ಅದು ಪಾಸಾಗಲಿಲ್ಲ. ಕಡೆಗೆ ನಮ್ಮ ರಾಜ್ಯದಲ್ಲಿ 1961ರ ಗ್ರಾಮ ಅಧಿಕಾರ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಆ ನೆಲವನ್ನು ವತನದಾರರಿಗೆ ಮರಳಿ ಮಂಜೂರು ಮಾಡುವ ದಾರಿ ಮಾಡಿತು. ಕಾಗದದ ಮೇಲೆ ನೆಲ ಬಂತು. ಕೈಗೆ ಬರುವ ಹೊತ್ತಿಗೆ ಎಷ್ಟು ಮಂದಿಯ ನೆಲ ಸಾಲಕ್ಕೆ, ಮದುವೆಗೆ, ಸಾರಾಯಿಗೆ, ಹೆದರಿಕೆಗೆ ಹೋಗಿತ್ತು ಅನ್ನುವುದನ್ನು ನಿಮ್ಮ ಮನೆಯ ಅಜ್ಜನನ್ನೇ ಕೇಳಿ.

ಹಾಗೆ ಹೋಗುವ ನೆಲವನ್ನು ತಡೆಯಲಿಕ್ಕೇ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಸರಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ನೆಲವನ್ನು ಸರಕಾರದ ಮುಂಗಡ ಅಪ್ಪಣೆಯಿಲ್ಲದೆ ಯಾರೂ ಕೊಳ್ಳುವಂತಿಲ್ಲ. ಷರತ್ತು ಮುರಿದು ಕೊಂಡಿದ್ದರೆ ಆ ಖರೀದಿ ಅನೂರ್ಜಿತ, ನೆಲ ಮೂಲ ಮಂಜೂರಿದಾರನಿಗೆ ಮರಳಬೇಕು. 1984ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಅರ್ಜಿಯನ್ನು ಯೋಗ್ಯ ಕಾಲದೊಳಗೆ ಹಾಕಬೇಕು ಅಂದಾಗ ಎಷ್ಟೋ ಅರ್ಜಿಗಳು "ತಡವಾಗಿದೆ" ಅಂತ ಬಿದ್ದವು. ಹೋರಾಟ ನಡೆದು, 2023ರಲ್ಲಿ ರಾಜ್ಯ ಸರಕಾರ ಕಾಲಮಿತಿ ಅನ್ವಯಿಸುವುದಿಲ್ಲ ಅಂತ ತಿದ್ದುಪಡಿ ತಂದಿತು. ಆದರೆ ಒಂದು ಮಾತು ಎಚ್ಚರ! ಈ ಕಾಯ್ದೆಯ ವ್ಯಾಖ್ಯೆ ವಂಶಪಾರಂಪರ್ಯ ಚಾಕರಿಯ ನೆಲವನ್ನು, ಅಂದರೆ ವತನದ ನೆಲವನ್ನು ಹೊರಗಿಟ್ಟಿದೆ. ಆದ್ದರಿಂದ "ನಮ್ಮದು ಪಿ.ಟಿ.ಸಿ.ಎಲ್." ಅಂತ ಘೋಷಣೆ ಕೂಗುವ ಮೊದಲು ಹಳೆಯ ಉತಾರ ತೆಗೆಸಿ, ಅದು ದರಖಾಸ್ತಿನ ನೆಲವೋ ವತನದ ನೆಲವೋ ನೋಡಬೇಕು. ವತನದ ನೆಲಕ್ಕೆ ಅದರದೇ ಕಾಯ್ದೆ, ಅದರದೇ ಷರತ್ತು. ತಪ್ಪು ಬಾಗಿಲು ಬಡಿದರೆ ಒಳಗಿದ್ದವರಿಗೆ ಅನುಕೂಲ.

ಇದನ್ನೆಲ್ಲ ಈಗ ಯಾಕೆ ಹೇಳಬೇಕು? ಬೇಸಾಯ ಮಾಡದವರು ಬೇಸಾಯದ ನೆಲ ಕೊಳ್ಳಬಾರದು ಅನ್ನುವ ತಡೆಯನ್ನು 2020ರಲ್ಲಿ ಭೂಸುಧಾರಣಾ ಕಾಯ್ದೆಯಿಂದ ತೆಗೆದುಹಾಕಿದರು. ಈಗ ರೊಕ್ಕ ಇದ್ದವನು ಹೊಲ ಕೊಳ್ಳಬಹುದು. ನಿಪ್ಪಾಣಿಯ ಹೆದ್ದಾರಿ ಬದಿ, ಚಿಕ್ಕೋಡಿಯ ಸುತ್ತ, ಅಥಣಿ-ಕಾಗವಾಡದ ರಸ್ತೆಯುದ್ದಕ್ಕೂ "ಎನ್.ಎ. ಪ್ಲಾಟ ಮಾರಾಟಕ್ಕಿವೆ" ಅನ್ನುವ ಬೋರ್ಡು ಕಾಣುತ್ತವೆ. ಎಲ್ಲಾ ಬೋರ್ಡಿನ ಹಿಂದೆ ಅನ್ಯಾಯ ಇದೆ ಅಂತ ನಾವು ಹೇಳುವುದಿಲ್ಲ. ಪ್ರತಿ ಬೋರ್ಡಿನ ಹಿಂದೆ ಒಂದು ನಕ್ಷೆ ಇದೆ, ಆ ನಕ್ಷೆಯನ್ನು ನಮ್ಮವರು ಯಾರೂ ಓದಿಲ್ಲ ಅಂತ ಮಾತ್ರ ಹೇಳುತ್ತೇವೆ.

ನಾವು ಮನೆಗಳ ವಿರೋಧಿಗಳಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಸೂರು ಎಲ್ಲರಿಗೂ ಬೇಕು. ಆ ಹೊಲದ ಮಾಲೀಕನೂ ದೊಡ್ಡ ಸಾವಕಾರನಲ್ಲ, ಮಗಳ ಮದುವೆಯ ಸಾಲ ಇದ್ದವನು. ಆ 27 ಪ್ಲಾಟಿನಲ್ಲಿ ಮನೆ ಕಟ್ಟುವವರು ಸಾಲೆ ಮಾಸ್ತರರು, ಫ್ಯಾಕ್ಟರಿಯಲ್ಲಿ ದುಡಿಯುವವರು, ಮಿಲಿಟರಿಯಿಂದ ರಿಟೈರಾದವರು ಇರಬಹುದು. ನಮ್ಮವರೂ ಒಬ್ಬಿಬ್ಬರು ಕೊಳ್ಳಲು ಹೋಗಬಹುದು. ಹೋದವರಿಗೆ ಆಗುವುದು ಗೊತ್ತೇ ಇದೆ. ಫೋನಿನಲ್ಲಿ "ಬರ್ರಿ, ಪ್ಲಾಟ ಅದಾವು" ಅಂದವರು ಅಡ್ಡಹೆಸರು ಕೇಳಿದ ಮೇಲೆ "ಅದು ಬುಕ್ ಆಗೇತ್ರಿ" ಅನ್ನುತ್ತಾರೆ. ಸರಕಾರದ ಹಂಚಿಕೆಯಲ್ಲಿ ನಮಗೆ ಮೀಸಲು ಇದೆ. ಖಾಸಗಿ ಲೇಔಟಿನಲ್ಲಿ ಮೀಸಲು ಇಲ್ಲ, ಇರುವುದು "ಬುಕ್ ಆಗೇತ್ರಿ" ಮಾತ್ರ. ಇನ್ನೊಂದು ಕಡೆ ನಮ್ಮ ದುಡಿಯುವ ಮಂದಿ ಎನ್.ಎ. ಇಲ್ಲದ ಗುಂಟೆ ಪ್ಲಾಟನ್ನು ಬಾಂಡ್ ಪೇಪರಿನ ಮೇಲೆ ಕೊಂಡು, ಖಾತೆ ಇಲ್ಲದೆ, ಸಾಲ ಸಿಗದೆ, ಕಟ್ಟಿದ ಮನೆ ತಮ್ಮದೋ ಅಲ್ಲವೋ ತಿಳಿಯದೆ ಕೂತಿದ್ದಾರೆ. ಹಾಗಾಗಿ ಪರಿಶೀಲನೆ ಬೇಡ ಅನ್ನುವುದು ನಮ್ಮ ಮಾತಲ್ಲ. ಪರಿಶೀಲನೆ ಗಟ್ಟಿಯಾಗಿ ಆಗಲಿ. ಬದುವಿನ ಈಚೆ ನೋಡಿದ ಕಣ್ಣು ಆಚೆಯನ್ನೂ ನೋಡಲಿ. ನಮ್ಮ ಬೇಡಿಕೆ ಸಣ್ಣದು: ನಕ್ಷೆಯಲ್ಲಿ ಕೇರಿಯನ್ನು ಬರೆಯಿರಿ. ದಾರಿಯನ್ನು ಬರೆಯಿರಿ. ನೀರು ಎಲ್ಲಿಗೆ ಹೋಗುತ್ತದೆ ಅಂತ ಕಡೆಯವರೆಗೆ ಬರೆಯಿರಿ. ಆಮೇಲೆ ಮಂಜೂರು ಮಾಡಿರಿ.

ನೆರೆಯವರಿಗೆ ಕೇಳುವ ಹಕ್ಕೇ ಇಲ್ಲ ಅಂತ ಯಾರಾದರೂ ಹೇಳಿದರೆ ಒಂದು ಕೇಸು ನೆನಪಿಡಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಕಡೆ ತೀರ್ಪು ಕೊಟ್ಟಿತು. ಬಡಾವಣೆಯ ಬಯಲು ಅಲ್ಲಿ ಬಾಳುವ ಎಲ್ಲರದು, ಅದು ಕೆಟ್ಟರೆ ಕೇಳುವ ಹಕ್ಕು ಅವರಿಗಿದೆ ಅಂತ ಅದರ ತಾತ್ಪರ್ಯ. ಆ ನಿವಾಸಿಗಳು ಓದಿದವರು, ವಕೀಲರ ಪರಿಚಯ ಇದ್ದವರು. ಅವರ ಉದ್ಯಾನಕ್ಕೆ ಇರುವ ಹಕ್ಕು ನಮ್ಮ ಹೆಣದ ದಾರಿಗೆ ಇಲ್ಲವೇ? ಇದೆ. ಕೇಳುವ ಬಾಯಿ ಬೇಕು.

ಈಗ ನಮ್ಮ ತಪ್ಪಿನ ಮಾತು. ಅವತ್ತು ಪಂಚಾಯ್ತಿಯಿಂದ ಹೊರಗೆ ಬಂದ ಮೇಲೆ ಆಯಿ ಕೇಳಿದಳು: "ನೀವು ಇಷ್ಟ ಸಾಲಿ ಕಲತೀರಿ, ಇದನ್ನ ಮೊದಲ ಯಾಕ ನೋಡಲಿಲ್ಲ?" ನಮ್ಮಲ್ಲಿ ಉತ್ತರ ಇರಲಿಲ್ಲ. ನಾವು ಏಪ್ರಿಲ್ 14ಕ್ಕೆ ಭಾಷಣ ಮಾಡಿದ್ದೆವು, ಮೆರವಣಿಗೆಯಲ್ಲಿ ಕುಣಿದಿದ್ದೆವು, ನೆಲದ ಮೇಲೆ ಕವಿತೆ ಬರೆದಿದ್ದೆವು. ನಮ್ಮ ಕವಿತೆಯಲ್ಲಿ ಭೂಮಿ ತಾಯಿಯಾಗಿದ್ದಳು, ಬೆಂಕಿಯಾಗಿದ್ದಳು. ಅವಳ ಸರ್ವೆ ನಂಬರು ಮಾತ್ರ ನಮಗೆ ಗೊತ್ತಿರಲಿಲ್ಲ! ಗ್ರಾಮಸಭೆಯ ಡಂಗುರ ಸಾರಿದ ದಿನ ನಾವು ಕ್ರಿಕೆಟ್ ಆಡಲು ಹೋಗಿದ್ದೆವು. ಕೇರಿಯ ಮೆಂಬರು ನಮ್ಮವನೇ. ಠರಾವಿನ ಬುಕ್ಕಿನಲ್ಲಿ ಸಹಿ ಮಾಡಿದ್ದ. "ಓದಿ ಮಾಡಿದಿ ಏನೋ ಕಾಕಾ?" ಅಂತ ಕೇಳಿದರೆ ಅವನು ತಲೆ ತಗ್ಗಿಸಿದ: "ಎಲ್ಲಾರೂ ಮಾಡಿದ್ರು, ನಾನೂ ಮಾಡಿದ್ಯಾ." ಅವನನ್ನು ಬೈಯುವುದು ಸುಲಭ. ಅವನ ಪಕ್ಕದಲ್ಲಿ ಕೂತು ಓದಿ ಹೇಳಬೇಕಾದವರು ನಾವು, ನಾವು ಅಲ್ಲಿರಲಿಲ್ಲ.

ಆದ್ದರಿಂದ ಹಾಸ್ಟೆಲಿನ ಗೆಳೆಯರಿಗೆ, ಗೆಳತಿಯರಿಗೆ ಈ ರಜೆಯ ಕೆಲಸ ಹೇಳುತ್ತೇವೆ. ದೊಡ್ಡ ಕ್ರಾಂತಿಯ ಕೆಲಸವಲ್ಲ, ಕಾಲು ಸವೆಯುವ ಕೆಲಸ.

ಮೊದಲನೆಯದು, ನಿಮ್ಮ ಕೇರಿಯ ನಕ್ಷೆಯನ್ನು ನೀವೇ ಬರೆಯಿರಿ. ಒಂದು ಡ್ರಾಯಿಂಗ್ ಹಾಳೆ ಸಾಕು. ಮನೆ, ನಳ, ಗಟಾರ, ಮಸಣ, ಮಸಣದ ದಾರಿ, ಹೆಣ್ಣುಮಕ್ಕಳು ಬಯಲಿಗೆ ಹೋಗುವ ಜಾಗ ಇದ್ದರೆ ಅದೂ. ಹಿರಿಯರನ್ನು ಜೊತೆಗೆ ಕರೆದುಕೊಂಡು ನಡೆದು ಬರೆಯಿರಿ. ಗಡಿ ಬಲ್ಲವರ ಮೊಮ್ಮಕ್ಕಳು ನಾವು, ಮರೆಯಬೇಡಿ. ಕೇರಿ ನಿಂತ ನೆಲದ ಸರ್ವೆ ನಂಬರು, ಅದು ಗಾಂವಠಾಣವೋ, ಗಾಯರಾಣವೋ, ಯಾರದೋ ಹೊಲವೋ ತಿಳಿದುಕೊಳ್ಳಿ. ಗಾಯರಾಣದ ಮೇಲೆ ಮನೆ ಇದ್ದರೆ ಭೂಕಂದಾಯ ಕಾಯ್ದೆಯ 94-ಸಿ ಕಲಮಿನಲ್ಲಿ ಯಾರು ಅರ್ಜಿ ಹಾಕಿದ್ದಾರೆ, ಯಾರ ಅರ್ಜಿ ಎಲ್ಲಿ ನಿಂತಿದೆ, ಪಟ್ಟಿ ಮಾಡಿ.

ಎರಡನೆಯದು, ಮಗ್ಗುಲ ಹೊಲದಲ್ಲಿ ಕಲ್ಲು ನೆಡುವ ಸುದ್ದಿ ಬಂದ ಕೂಡಲೇ ನಕ್ಷೆ ಕೇಳಿ. ಬಾಯಿಮಾತಲ್ಲಿ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿ ಸಣ್ಣದಿರಲಿ, ಒಂದೇ ವಿಷಯ ಇರಲಿ, ಭಾಷಣ ಬೇಡ.

ಮೂರನೆಯದು, ಶಿಕ್ಕೆ ಬೀಳುವ ಮೊದಲು ಲಿಖಿತ ತಕರಾರು ಕೊಡಿ. ಪಂಚಾಯ್ತಿಗೆ ಒಂದು, ನಗರ ಯೋಜನಾ ಕಚೇರಿಗೆ ಒಂದು, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಒಂದು. ನಮ್ಮ ಪ್ರತಿಯ ಮೇಲೆ ತಾರೀಖು, ಸಹಿ, ಶಿಕ್ಕೆ ಹಾಕಿಸಿಕೊಳ್ಳದೆ ಕಚೇರಿ ಬಿಡಬೇಡಿ. ಅಥಣಿ, ಕಾಗವಾಡದವರಿಗೆ ಬೆಳಗಾವಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು ಎರಡೂ ಹೋದಂತೆ. ಅದಕ್ಕೇ ಹೇಳುವುದು, ಅಲ್ಲಿನ ಹಾಸ್ಟೆಲಿನಲ್ಲಿ ಓದುವವರು ಆ ಕೆಲಸ ಹೊತ್ತುಕೊಳ್ಳಿ. ಮಂಜೂರಿ ನೆಲದ ಗುಮಾನಿ ಇದ್ದರೆ ಪಿ.ಟಿ.ಸಿ.ಎಲ್. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗೆ, ಅಂದರೆ ಚಿಕ್ಕೋಡಿಗೆ. ಮಸಣವೇ ಇಲ್ಲದ ಊರಾದರೆ ಭೂಕಂದಾಯ ಕಾಯ್ದೆಯ 71ನೇ ಕಲಮು ನೆನಪಿಡಿ. ಸರಕಾರಿ ನೆಲವನ್ನು ಸ್ಮಶಾನಕ್ಕೆ ಕಾದಿರಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಅದರಲ್ಲಿದೆ.

ನಾಲ್ಕನೆಯದು, ಗ್ರಾಮಸಭೆಗೆ ಹೋಗಿ. ಅಕ್ಕ-ತಂಗಿಯರನ್ನು, ಆಯಿಯರನ್ನು ಕರೆದುಕೊಂಡು ಹೋಗಿ. ಗಟಾರದ ನೀರು ಮನೆಯಿಂದ ಹೊರಗೆ ಎತ್ತಿ ಚೆಲ್ಲುವವರು ಅವರು. ಆ ನೀರು ಎಲ್ಲಿಂದ ಬರುತ್ತದೆ ಅಂತ ನಮಗಿಂತ ಚೆನ್ನಾಗಿ ಅವರಿಗೆ ಗೊತ್ತು. ಸಿಟ್ಟಿಗೇಳಬೇಡಿ, ಜಗಳ ತೆಗೆಯಬೇಡಿ. ನಕ್ಷೆ ಬಿಚ್ಚಿ ಒಂದೇ ಪ್ರಶ್ನೆ ಕೇಳಿ. ಆ ಪ್ರಶ್ನೆ ಈಗಾಗಲೇ ಆಯಿ ಕೇಳಿ ಆಗಿದೆ.

ಆ ಊರಿನ ಕಡತ ಇನ್ನೂ ಮುಗಿದಿಲ್ಲ. ನಾವು ತಕರಾರು ಕೊಟ್ಟಿದ್ದೇವೆ. 43 ಸಹಿ, ಅದರಲ್ಲಿ 29 ಹೆಬ್ಬೆಟ್ಟು. ಹೊಲದ ಮಾಲೀಕನ ಜೊತೆಗೂ ಕೂತು ಮಾತಾಡಿದೆವು. ಅವನು ಮೊದಲು ಸಿಡುಕಿದ. ಆಮೇಲೆ ಹೇಳಿದ: "ದಾರಿ ಇದ್ದದ್ದ ಖರೇ. ನಾನೂ ನೋಡೇನಿ. ನಕ್ಷಾ ಬರದವನು ಊರಿಗೇ ಬಂದಿಲ್ಲ." ಮೂರು ಪ್ಲಾಟು ಸರಿಸಿದರೆ ತನಗೆಷ್ಟು ನಷ್ಟ ಅಂತ ಲೆಕ್ಕ ಹಾಕುತ್ತಿದ್ದಾನೆ. ಅವನು ಒಪ್ಪುತ್ತಾನೋ ಇಲ್ಲವೋ, ಕಚೇರಿ ಬರೆಯುತ್ತದೋ ಇಲ್ಲವೋ, ಮುಂದಿನ ಸಂಚಿಕೆಯಲ್ಲಿ ಇದ್ದದ್ದು ಇದ್ದಂತೆ ತಿಳಿಸುತ್ತೇವೆ. ಗೆದ್ದೆವು ಅಂತ ಈಗಲೇ ಡೋಲು ಬಾರಿಸುವುದಿಲ್ಲ.

1925ರಲ್ಲಿ ಬಾಬಾಸಾಹೇಬರು ನಮ್ಮ ನಿಪ್ಪಾಣಿಗೆ ಬಂದರು, ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿಗೆ. ಆ ಪರಿಷತ್ತಿಗೆ ಹಳ್ಳಿ ಹಳ್ಳಿಯಿಂದ ನಡೆದು ಬಂದವರಲ್ಲಿ ಎಷ್ಟು ಜನಕ್ಕೆ ಅಕ್ಷರ ಬರುತ್ತಿತ್ತು? ಆದರೆ ತಾವು ಎಲ್ಲಿ ನಿಂತಿದ್ದೇವೆ ಅನ್ನುವುದು ಅವರಿಗೆ ಗೊತ್ತಿತ್ತು. ನಮಗೆ ಅಕ್ಷರ ಬಂದಿದೆ. ಪದವಿ ಬಂದಿದೆ. ನಾವು ಎಲ್ಲಿ ನಿಂತಿದ್ದೇವೆ, ಆ ನೆಲದ ನಂಬರು ಎಷ್ಟು, ಅದರ ಸುತ್ತ ಯಾರು ಯಾವ ಗೆರೆ ಎಳೆಯುತ್ತಿದ್ದಾರೆ ಅನ್ನುವುದು ಗೊತ್ತಿಲ್ಲದಿದ್ದರೆ ಆ ಅಕ್ಷರದ ಸಾಲ ತೀರುವುದಿಲ್ಲ.

ಮುಂದಿನ ಸಭೆಗೆ ಬರುವಾಗ ನಿಮ್ಮ ಕೇರಿಯ ನಕ್ಷೆ ತನ್ನಿ. ಗೋಡೆಗೆ ಅಂಟಿಸೋಣ. ಐದು ತಾಲ್ಲೂಕಿನ ಬಿಳಿ ಹಾಳೆಯನ್ನು ನಾವೇ ತುಂಬೋಣ.

ಜೈ ಭೀಮ್.